ಹುಳದ ಮನೆಯಲ್ಲಿ ಮೂರು ಗಂಟೆ

ವೆಂಕಟಲಕ್ಷ್ಮಮ್ಮನನ್ನು ಕೇಳಿಕೊಂಡು ಬಂದವರು ಯಾರೂ ಆ ಮನೆಯ ಮುಂಬಾಗಿಲು ತಟ್ಟುವುದಿಲ್ಲ. ಸೀದಾ ಹಿತ್ತಲಿಗೆ ಹೋಗಿ, ರೇಷ್ಮೆ ಹುಳದ ಮನೆಯಿಂದ ಹತ್ತು ಮಾರು ದೂರದಲ್ಲೇ ನಿಂತು, "ವೆಂಕ್ಟಕ್ಕಾ" ಎಂದು ಕೂಗುತ್ತಾರೆ. ಒಳಗೆ ಕಾಲಿಡುವ ಹಾಗಿಲ್ಲ. ಹುಳ ಮೇಯುತ್ತಿರುವಾಗ ಹೊರಗಿನವರ ಕಾಲಿನ ಧೂಳಾಗಲಿ, ಕಣ್ಣಾಗಲಿ, ಮೈಗೆ ಬಳಿದ ಸೆಂಟಾಗಲಿ ಒಳಗೆ ಬರಬಾರದು. ಕನಕಪುರದಿಂದ ರಾಮನಗರಕ್ಕೆ ಹೋಗುವ ರಸ್ತೆಯಿಂದ ಒಳಕ್ಕಿರುವ ಆ ಊರಿನಲ್ಲಿ ಇದು ಎಲ್ಲರೂ ಬಲ್ಲ ಕಟ್ಟು. ಒಡಹುಟ್ಟಿದ ಅಣ್ಣ ಬಂದರೂ ಹೊರಗೇ ನಿಂತು ಮಾತಾಡಿ ಹೋಗಬೇಕು.

ಕೆಂಪಾಪುರದ ತವರಿನಿಂದ ಹದಿನೆಂಟಕ್ಕೆ ಮದುವೆಯಾಗಿ ಬಂದವಳಿಗೆ ಈಗ ಐವತ್ತನಾಲ್ಕು. ಈ ಮೂವತ್ತಾರು ವರ್ಷವೂ ಅವಳು ಹುಳದ ಮನೆಯ ಆಳು, ಅರಸಿ, ಕೈದಿ ಎಲ್ಲ ತಾನೇ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ನಿಂತು, ಪೊರೆ ಕಳಚುತ್ತದೆ. ಬೆಳೆಗಾರರು ಅದನ್ನು ಜ್ವರ ಎನ್ನುತ್ತಾರೆ. ತವರಿನಿಂದ ಮದುವೆ, ತಿಥಿ, ನಾಮಕರಣ ಅಂತ ಕರೆ ಬಂದಾಗಲೆಲ್ಲ ಹುಳ ಒಂದಲ್ಲ ಒಂದು ಜ್ವರದಲ್ಲಿರುತ್ತಿತ್ತು. "ಜ್ವರ ಎದ್ದ ಮ್ಯಾಲೆ ಬತ್ತೀನಿ" ಎಂದು ಹೇಳಿಕಳಿಸುತ್ತಿದ್ದಳು. ಜ್ವರ ಎದ್ದ ಹುಳಕ್ಕೆ ಹಸಿವು ಹೆಚ್ಚು. ಸೊಪ್ಪು ಹಾಕುತ್ತಾ ಹಾಕುತ್ತಾ ಅವಳು ಅಲ್ಲೇ ಉಳಿದುಬಿಡುತ್ತಿದ್ದಳು.

ಅವಳಿಗೊಂದು ಗುಟ್ಟಿತ್ತು. ಹನ್ನೊಂದು ವರ್ಷದವಳಿದ್ದಾಗ ಬಲಗಣ್ಣಿನ ರೆಪ್ಪೆಗೆ ಕುರು ಎದ್ದಿತ್ತು. ಅವಳವ್ವ ಸೊಪ್ಪರೆದು ಮೆತ್ತಿ, ಮೇಲೊಂದು ಬಟ್ಟೆ ಕಟ್ಟಿದಳು. ಕಟ್ಟಿದ್ದೇ ತಡ ಹುಡುಗಿಗೆ ಮನೆಯೆಲ್ಲ ಹೊಗೆ ತುಂಬಿದ ಹಾಗಾಯಿತು. ಒಲೆ ಕೆಂಪಗೆ ಕಲೆಯಂತಿತ್ತು, ಅವ್ವ ಸೀರೆಯ ಬಣ್ಣವಾಗಿದ್ದಳು. ಹುಡುಗಿ ಹೆದರಲಿಲ್ಲ. ಎಲ್ಲರಿಗೂ ಹಾಗೇ, ಒಂದು ಕಣ್ಣು ನೋಡುವುದಕ್ಕೆ, ಇನ್ನೊಂದು ಅದಕ್ಕೆ ಜೊತೆಗೆ ಅಂತ ತಿಳಿದಿದ್ದಳು. ಮೂರು ದಿನ ಕಂಬಕ್ಕೂ ಬಾಗಿಲಿಗೂ ಹಣೆ ಬಡಿಸಿಕೊಂಡ ಮೇಲೆ, "ಅವ್ವಾ, ನಿನ್ನ ಜೊತೆ ಕಣ್ಣು ಯಾವ ಕಡೇದು?" ಎಂದು ಕೇಳಿದಳು. ಅವ್ವ ಬಟ್ಟೆ ಬಿಚ್ಚಿ ಎಸೆದಳು. "ಈ ಮಾತು ಇನ್ನೊಬ್ಬರ ಕಿವಿಗೆ ಬಿದ್ರೆ ನಿನ್ನ ಯಾರೂ ಕೈ ಹಿಡಿಯಾಕಿಲ್ಲ" ಎಂದಳು. ಅಷ್ಟೇ. ನೋಡುವುದಕ್ಕೆ ಎರಡು ಕಣ್ಣೂ ಅಚ್ಚಿನಲ್ಲಿ ತೆಗೆದಂತೆ ಒಂದೇ ಸಮ ಇದ್ದವು. ಹೆಣ್ಣು ನೋಡಲು ಬಂದವರಿಗಾಗಲಿ, ಕೈ ಹಿಡಿದ ತಿಮ್ಮಯ್ಯನಿಗಾಗಲಿ ಏನೂ ಗೊತ್ತಾಗಲಿಲ್ಲ. ಲೋಟದ ಪಕ್ಕಕ್ಕೆ ಕಾಫಿ ಸುರಿದಾಗ, ಹೊಸ್ತಿಲು ಎಡವಿದಾಗ, "ಇವಳಿಗೆ ಕೈ ನಿಲ್ಲಾಕಿಲ್ಲ" ಎಂದು ಅತ್ತೆ ಬಯ್ಯುತ್ತಿದ್ದಳು. ಬಯ್ಗುಳ ವಾಸಿ ಅಂತ ವೆಂಕಟಲಕ್ಷ್ಮಮ್ಮ ಸುಮ್ಮನಿರುತ್ತಿದ್ದಳು.

ಹೋದ ವರ್ಷ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಯವರು ಬಂದರು. ವೆಂಕಟಲಕ್ಷ್ಮಮ್ಮನ ಮೊಮ್ಮಗಳು ಮಾನ್ವಿ ಆಗ ಎರಡನೇ ಕ್ಲಾಸು, ವಯಸ್ಸು ಆರು ತುಂಬಿ ಎಂಟು ತಿಂಗಳು. ಬಲಗಣ್ಣು ಮುಚ್ಚಿ ಗೋಡೆಯ ಅಕ್ಷರ ಓದು ಅಂದರೆ ಹುಡುಗಿ, "ಮಿಸ್ಸು ಲೈಟ್ ಆರಿಸ್ಬುಟ್ರು" ಎಂದು ಅಳಲಿಕ್ಕೆ ಶುರು ಮಾಡಿದಳಂತೆ. ಚೀಟಿ ಮನೆಗೆ ಬಂತು. ಓದಿದವಳು ಸೊಸೆ ಭಾನುಪ್ರಿಯ. ಬಿಡದಿಯ ಕಾರ್ಖಾನೆಯೊಂದರಲ್ಲಿ ಅವಳಿಗೆ ಕೆಲಸ, ಬೆಳಗ್ಗೆ ಆರಕ್ಕೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಏಳಕ್ಕೆ ಇಳಿಯುವವಳು. ಮಗ ಕೆಂಪರಾಜು ಲಾರಿ ಮೇಲೆ ಇರುವವನು, ವಾರಕ್ಕೊಮ್ಮೆ ಮನೆ. ಹೀಗಾಗಿ ಸೊಸೆ ಒಂದು ದಿನ ರಜೆ ಹಾಕಿ, ಅತ್ತೆಯನ್ನೂ ಮಗುವನ್ನೂ ರಾಮನಗರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿ ಖತೀಜಾ, ಚನ್ನಪಟ್ಟಣದವಳು. ಡಾಕ್ಟರು ನೋಡಿ ಬರೆದುಕೊಟ್ಟ ಮೇಲೆ ತಿಳಿಸಿ ಹೇಳುವ ಕೆಲಸ ಅವಳದು.

"ಕಣ್ಣಲ್ಲಿ ಪೊರೆ ಇಲ್ಲ, ಗಾಯ ಇಲ್ಲಮ್ಮ. ಎಡಗಣ್ಣಿಗೆ ಪವರ್ ಜಾಸ್ತಿ ಇದೆ. ಚಿಕ್ಕಂದಿನಿಂದ ಅದು ಮಸುಕಾದ ಚಿತ್ರ ಕಳಿಸ್ತಿತ್ತು, ಮೆದುಳು ಅದರ ಮಾತು ಕೇಳೋದೇ ಬಿಟ್ಟುಬಿಟ್ಟಿದೆ. ಎಲ್ಲ ಕೆಲಸಾನೂ ಬಲಗಣ್ಣಿನ ಹತ್ತಿರಾನೇ ಮಾಡಿಸ್ತಿದೆ. ಇದಕ್ಕೆ ಸೋಮಾರಿ ಕಣ್ಣು ಅಂತಾರೆ."

"ಸೋಮಾರಿ ನಮ್ಮ ಕಣ್ಣಾ, ಮೆದುಳಾ?" ಎಂದು ಭಾನುಪ್ರಿಯ ಕೇಳಿದಳು.

"ಬೈಯೋದಾದ್ರೆ ಮೆದುಳನ್ನೇ ಬೈಬೇಕು. ಕನ್ನಡಕ ಯಾವಾಗಲೂ ಇರಲಿ. ಅದರ ಜೊತೆಗೆ ದಿನಾ ಮೂರು ಗಂಟೆ ಬಲಗಣ್ಣಿಗೆ ಈ ಪಟ್ಟಿ ಅಂಟಿಸಿ. ಕೆಲಸ ಮಾಡೋ ಕಣ್ಣನ್ನ ಕೂರಿಸಿದ್ರೆ, ಮೆದುಳು ವಿಧಿಯಿಲ್ಲದೆ ಈ ಕಣ್ಣನ್ನ ಕರೀಬೇಕು."

ಗೋಡೆಗೆ ಒರಗಿ ನಿಂತಿದ್ದ ವೆಂಕಟಲಕ್ಷ್ಮಮ್ಮ ಆಗ ಮೊದಲ ಸಲ ಬಾಯಿ ಬಿಟ್ಟಳು. "ತಾಯಿ, ದೊಡ್ಡೋರಾದ ಮ್ಯಾಲೆ ಕಟ್ಟಿದ್ರೆ?"

"ಏಳೆಂಟು ವರ್ಷದ ಒಳಗೆ ಚೆನ್ನಾಗಿ ಹಿಡಿಯುತ್ತೆ ಅಜ್ಜಿ. ಆಮೇಲೆ ವರ್ಷ ವರ್ಷಕ್ಕೂ ಕಷ್ಟ. ಇವಳಿಗೆ ಏಳಾಗ್ತಾ ಬಂತು. ಒಂದು ದಿನಾನೂ ಬಿಡಬೇಡಿ."

ವೆಂಕಟಲಕ್ಷ್ಮಮ್ಮ ತನ್ನ ಬಲಗಣ್ಣಿನ ರೆಪ್ಪೆ ಮುಟ್ಟಿಕೊಂಡಳು. ಅವಳವ್ವ ಅಂದು ಬಟ್ಟೆ ಕಟ್ಟಿದ್ದು ಸರಿಯಾದ ಕಣ್ಣಿಗೇ. ಮೂರೇ ದಿನಕ್ಕೆ ಬಿಚ್ಚಿಬಿಟ್ಟಿದ್ದಳು.

ಊರಿಗೆ ಮರಳುವಾಗ ಬಸ್ಸಿನಲ್ಲೇ ಸೊಸೆ ಹೇಳಿದಳು. "ಅತ್ತೆ, ಪಟ್ಟಿ ಹಾಕ್ಕೊಂಡು ಬೀದೀಲಿ ಓಡಾಡೋದು ಬೇಡ. ನಮ್ಮ ಬೀದೀಲಿ ಕುಂಟ್ನಾಗಣ್ಣ ಅಂತ ಇದ್ರಲ್ಲ, ಅವರು ಕುಂಟಿದ್ದು ಹದಿನೈದೇ ದಿನ ಅಂತೆ, ಕಾಲಿಗೆ ಮುಳ್ಳು ಚುಚ್ಚಿ. ಸಾಯೋವರ್ಗೂ ಕುಂಟ್ನಾಗನೇ ಆಗೋದ್ರು. ಹೆಣ್ಣು ಮಗು ಇದು."

ಅತ್ತೆಗೆ ಈ ಮಾತು ತನ್ನ ಅವ್ವನ ಬಾಯಿಂದಲೇ ಬಂದ ಹಾಗೆ ಕೇಳಿಸಿತು. ಒಂದು ಉಪಾಯ ಹೂಡಿದಳು. ಊರಿನಲ್ಲಿ ಯಾರೂ ಕಾಲಿಡದ ಜಾಗ ಒಂದೇ, ಹುಳದ ಮನೆ. ಶಾಲೆಯಿಂದ ಬಂದ ಮಗುವಿಗೆ ಹಾಲು ಕುಡಿಸಿ, ಪಟ್ಟಿ ಅಂಟಿಸಿ, ನಾಲ್ಕರಿಂದ ಏಳರವರೆಗೆ ಒಳಗೆ ಕೂರಿಸಿಕೊಂಡರೆ ಯಾವ ನರಪಿಳ್ಳೆಗೂ ತಿಳಿಯುವುದಿಲ್ಲ. ಸೊಸೆಗೂ ಇದು ಒಪ್ಪಿಗೆಯಾಯಿತು.

ಹುಳದ ಮನೆಯ ಕಿಟಕಿಗಳಿಗೆ, ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ನುಸುಳದಂತೆ ಬಲೆ, ಬಲೆಯ ಮೇಲೆ ಬಿಸಿಲು ಬೀಳದಂತೆ ಗೋಣಿತಾಟು. ಒಳಗೆ ಹಗಲಿಗೂ ಮಬ್ಬು. ತಟ್ಟೆಗಳಲ್ಲಿ ಹುಳ ಸೊಪ್ಪು ಕಡಿಯುವ ಸದ್ದು ಜಡಿಮಳೆಯ ಹಾಗೆ ಒಂದೇ ಸಮನೆ. ಬಾಗಿಲು ಹಾಕಿದರೆ ಹೊರಗೆ ಮಕ್ಕಳು ಲಗೋರಿ ಆಡುವ ಗದ್ದಲ ಎಲ್ಲೋ ಇನ್ನೊಂದು ಊರಿನದು ಅನ್ನಿಸುತ್ತಿತ್ತು.

"ಬಿಚ್ಚಜ್ಜಿ. ಕಡೀತದೆ."

"ಇನ್ನೊಸಿ ಹೊತ್ತು ಮೊಗಾ."

"ಒಸಿ ಒಸಿ ಅಂತ ಅವಾಗ್ಲಿಂದ ಹೇಳ್ತಾನೇ ಇದೀಯ. ಅಪ್ಪಂಗೆ ಹೇಳ್ತೀನಿ, ನೀನು ನನ್ನ ಕೂಡಾಕ್ತೀಯ ಅಂತ."

ಮೊದಲ ವಾರ ಮಗು ಪಟ್ಟಿಯ ಅಂಚನ್ನು ಉಗುರಿನಿಂದ ಕೀಳುತ್ತಿತ್ತು. ಅಂಟು ತಾಗಿ ಕೆನ್ನೆ ಕೆಂಪಾಯಿತು. ಅಜ್ಜಿ ಅದರ ಎರಡು ಕೈಗಳನ್ನೂ ತನ್ನ ಒಂದು ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ಹಿಡಿದ ಕೈಗೆ ಮಗುವಿನ ನಾಡಿ ಬಡಿಯುತ್ತಿರುವುದು ತಿಳಿಯುತ್ತಿತ್ತು, ಬಲೆಗೆ ಬಿದ್ದ ಹಕ್ಕಿಯ ಎದೆಯಂತೆ. ತಾನು ಕಾವಲುಗಾರ್ತಿಯೋ ಮಗುವಿನ ಜೊತೆ ಸಿಕ್ಕಿಬಿದ್ದವಳೋ ಅವಳಿಗೇ ತಿಳಿಯುತ್ತಿರಲಿಲ್ಲ. ಬಾಗಿಲು ತೆಗೆದರೆ ಊರಿನ ಬಾಯಿ, ಪಟ್ಟಿ ತೆಗೆದರೆ ಕಣ್ಣು ಹೋಯಿತು, ಎದ್ದು ಹೋದರೆ ಹುಳ ಹಸಿದವು.

ಕೊನೆಗೆ ದಾರಿ ಸಿಕ್ಕಿದ್ದು ಕಥೆಯಲ್ಲಿ. ವೆಂಕಟಲಕ್ಷ್ಮಮ್ಮನ ಹತ್ತಿರ ಕಥೆಗೆ ಬರವಿರಲಿಲ್ಲ. ಏಳು ಸಮುದ್ರದಾಚೆ ಗಿಣಿಯೊಳಗೆ ಪ್ರಾಣವಿಟ್ಟ ರಾಕ್ಷಸ, ಮುದುಕಿಯ ಕುಂಬಳಕಾಯಿಯಲ್ಲಿ ಹುಟ್ಟಿದ ರಾಜಕುಮಾರಿ, ಹುಲಿಗೆ ಸೋದರಮಾವನೆಂದು ಹೇಳಿ ಬದುಕಿದ ನರಿ. ಸೊಪ್ಪು ಹಾಕುತ್ತಾ ಹೇಳುತ್ತಿದ್ದಳು. ಮಗು ಸೊಪ್ಪಿನ ರಾಶಿಯ ಪಕ್ಕದಲ್ಲಿ ಅಂಗಾತ ಮಲಗಿ, ಕಣ್ಣು ಮುಚ್ಚಿ, ಹೂಂಗುಟ್ಟುತ್ತಿತ್ತು. ಅಳು ನಿಂತಿತು. ಕೀಳುವುದು ನಿಂತಿತು. ಬೆಳೆ ಇಲ್ಲದ ವಾರಗಳಲ್ಲೂ ತೊಳೆದು ಸಾರಿಸಿದ ಅದೇ ಖಾಲಿ ಮನೆಯಲ್ಲಿ ಕಥೆ ನಡೆಯಿತು. ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಲಿಲ್ಲ.

ಮೂರು ತಿಂಗಳಾದ ಮೇಲೆ ಅಜ್ಜಿ, ಮೊಮ್ಮಗಳು ಇಬ್ಬರೇ ಆಸ್ಪತ್ರೆಗೆ ಹೋದರು. ಮಾನ್ವಿ ಎಡಗಣ್ಣಿನಲ್ಲಿ ಮೇಲಿನ ದೊಡ್ಡ ಸಾಲನ್ನು ಓದಿದಳು. ಎರಡನೆಯದಕ್ಕೆ ನಿಂತಳು. ಮೊದಲ ದಿನವೂ ಅಷ್ಟೇ ಓದಿದ್ದು.

ಖತೀಜಾ ಕಾಗದ ನೋಡಿದಳು, ಮಗುವನ್ನು ನೋಡಿದಳು. "ದಿನಾ ಹಾಕಿದ್ರಾ ಅಜ್ಜಿ? ನಿಜ ಹೇಳಿ, ನಾನು ಬೈಯಲ್ಲ."

"ನನ್ನ ಮೊಗೀನಾಣೆ. ಮೂರು ಗಂಟೆಗೆ ಒಂದು ನಿಮಿಸ ಕಮ್ಮಿ ಮಾಡಿಲ್ಲ."

"ಆ ಹೊತ್ತಲ್ಲಿ ಏನು ಮಾಡ್ತಾಳೆ?"

"ಕಥೆ ಕೇಳ್ತಾಳೆ," ಎಂದಳು ವೆಂಕಟಲಕ್ಷ್ಮಮ್ಮ, ಒಸಿ ಹೆಮ್ಮೆಯಿಂದಲೇ. "ಹುಳದ ಮನೇಲಿ ಕುಂತ್ಕಂಡು. ಕತ್ಲೇಲಿ ತಣ್ಣಗಿರ್ತದೆ."

ಖತೀಜಾ ಪೆನ್ನು ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಅಜ್ಜಿ, ಕಿವಿಗೆ ಕೆಲಸ ಕೊಟ್ಟಿದ್ದೀರಿ. ಕಣ್ಣಿಗೆ ಕೊಟ್ಟಿಲ್ಲ. ಪಟ್ಟಿ ಹಾಕಿ ಕತ್ತಲೇಲಿ ಕೂರಿಸಿದ್ರೆ ಎರಡು ಕಣ್ಣಿಗೂ ರಜಾ. ಬೆಳಕಲ್ಲಿ ಕೂರಿಸಿ, ಹತ್ತಿರದಿಂದ ನೋಡಿ ಮಾಡೋ ಸಣ್ಣ ಕೆಲಸ ಕೊಡಿ. ಬರೀಲಿ, ಬಣ್ಣ ಹಚ್ಚಲಿ, ಮಣಿ ಪೋಣಿಸಲಿ."

"ಹಂಗಾರೆ ಮೂರು ತಿಂಗಳು?"

ಖತೀಜಾ ಮುಂದಿನ ತಾರೀಕು ಬರೆದುಕೊಟ್ಟಳು. ಮಗುವಿಗೆ ಏಳು ತುಂಬುವುದಕ್ಕೆ ಒಂದು ತಿಂಗಳಿತ್ತು.

ಅಂದು ಸಂಜೆ ಭಾನುಪ್ರಿಯ ಕಂಪನಿ ಬಸ್ಸಿಳಿದು ಬಂದಾಗ ಅತ್ತೆ ಅಡುಗೆಮನೆಯಲ್ಲಿ ಕಾಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, "ನಾಳಿಂದ ಜಗಲಿ ಮ್ಯಾಲೆ ಕೂರುಸ್ತೀನಿ" ಎಂದಳು.

"ನಡುಮನೇಲಿ ಲೈಟ್ ಹಾಕ್ಕೊಂಡು ಕೂರಿಸಿ ಅತ್ತೆ."

"ಒಂದೇ ಬಲ್ಪು ಅಲ್ಲಿ. ಮೂರು ಗಂಟೇಲಿ ಆರು ಸತಿ ಕರೆಂಟು ಹೋಯ್ತದೆ. ಇನ್ನ ಕತ್ಲೆ ಬ್ಯಾಡ ಕಣವ್ವ."

"ಎದುರುಗಡೆ ಬೋರಮ್ಮ ಅವಳೆ. ಸಂಜೆಯೊಳಗೆ ಹೆಸರಿಟ್ಟು ಊರಿಗೆಲ್ಲ ಹಂಚಿಬುಡ್ತಾಳೆ. ನಾಳೆ ಹೆಣ್ಣು ಕೇಳೋರು ಬಂದಾಗ ಏನಂತ ಹೇಳೋದು? ನಿಮಗೇನು ಗೊತ್ತು ಅತ್ತೆ, ಅನುಭವಿಸೋದು ಅವಳು."

ವೆಂಕಟಲಕ್ಷ್ಮಮ್ಮ ಒಲೆಯ ಸೌದೆ ಹಿಂದಕ್ಕೆಳೆದಳು. ಆಮೇಲೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು.

"ನಿನ್ನ ಕೈಲಿರೋದು ಏನಾರ ಒಂದು ಎತ್ತಿ ತೋರ್ಸು."

ಸೊಸೆಗೆ ಅರ್ಥವಾಗಲಿಲ್ಲ. ಆದರೂ ಎತ್ತಿ ಹಿಡಿದಳು.

"ಬೆಳ್ಳಗೆ ಏನೋ ಐತೆ. ಸೌಟಾ?"

ಭಾನುಪ್ರಿಯ ಹಿಡಿದಿದ್ದು ಕೊರಳಿಂದ ಆಗ ತಾನೇ ತೆಗೆದ ಕಾರ್ಖಾನೆಯ ಕಾರ್ಡು. ಅದರಲ್ಲಿ ಅವಳ ಫೋಟೋ ಇತ್ತು. ಎರಡು ಮೊಳ ದೂರ. ಅವಳು ಕಾರ್ಡು ಇಳಿಸಿ ಬೆರಳು ತೋರಿಸಿದಳು. ಅತ್ತೆ ನಾಲ್ಕು ಎಂದಳು. ಎರಡಿದ್ದವು.

"ಯಾವಾಗಿಂದ ಅತ್ತೆ?"

"ಹುಟ್ಟಿದಾಗಿಂದ. ನಮ್ಮವ್ವ ಒಳ್ಳೇದಕ್ಕೇ ಮುಚ್ಚಿಟ್ಲು. ನೀನೂ ಒಳ್ಳೇದಕ್ಕೇ ಮುಚ್ಚಿಡು ಅಂದೆ. ನಾನಂತೂ ಕಥೆ ಹೇಳ್ಕಂಡು ಮೂರು ತಿಂಗಳು ಕಳೆದ್ಬುಟ್ಟೆ." ಕೈ ಇಳಿಸಿದಳು. "ಗಂಡ ಸಿಕ್ಕಿದ, ಮನೆ ಸಿಕ್ತು. ಕಣ್ಣು ಮಾತ್ರ ಆಮೇಲೆ ಯಾರು ಕೊಡ್ತಾರೆ ಹೇಳು."

ಬಾಗಿಲ ಬಳಿ ಕೆಮ್ಮಿದ ಸದ್ದಾಯಿತು. ತಿಮ್ಮಯ್ಯ ಕೈಕಾಲು ತೊಳೆದು ಬಂದು ಅಲ್ಲೇ ನಿಂತುಬಿಟ್ಟಿದ್ದ. "ಅದ್ಕೇನಮ್ಮಿ ನೀನು ಕಾಫೀನ ಲೋಟದ ಪಕ್ಕಕ್ಕೆ ಹುಯ್ಯೋದು? ನಾನು ಮೂವತ್ತಾರು ವರ್ಸ ಕೋಪಕ್ಕೆ ಹುಯ್ತಾಳೆ ಅಂದ್ಕಂಡಿದ್ದೆ."

"ಕೋಪಕ್ಕೂ ಹುಯ್ದಿವ್ನಿ," ಎಂದಳು ವೆಂಕಟಲಕ್ಷ್ಮಮ್ಮ.

ಮಾರನೆಯ ಬೆಳಗ್ಗೆ ಭಾನುಪ್ರಿಯ ಕೆಲಸಕ್ಕೆ ಹೋಗುವ ಮುಂಚೆ ಪಟ್ಟಿಗಳ ಡಬ್ಬಿಯನ್ನು ತಂದು, ಒಂದು ಚೀಲಕ್ಕೆ ಹಾಕಿ, ಜಗಲಿಯ ಕಂಬದ ಮೊಳೆಗೆ ನೇತುಹಾಕಿ ಹೋದಳು.

ಜಗಲಿ ಇನ್ನೊಂದು ಬಗೆಯ ಬಂಧನ. ಒಳಗಾದರೆ ಗೋಡೆ ಇತ್ತು, ಇಲ್ಲಿ ಕಣ್ಣುಗಳಿದ್ದವು. ಹೋಗುವವರು ನಿಂತು ನೋಡುತ್ತಿದ್ದರು. ಮಾನ್ವಿ ಮೊದಲ ದಿನ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿ, "ಹುಳದ ಮನೆಗೇ ಹೋಗಾಣ" ಎಂದು ಅತ್ತಳು. ಹೋಗುವಂತಿರಲಿಲ್ಲ. ಅಜ್ಜಿ ಮೊರದ ತುಂಬ ಹುರುಳಿಕಾಳು ಸುರಿದು ಕಲ್ಲು ಆರಿಸಲು ಕೂರಿಸಿದಳು. ಹುರುಳಿಯಲ್ಲಿನ ಕಲ್ಲು ಹುರುಳಿಯದೇ ಬಣ್ಣ. ಮಗು ಮೂಗು ತಾಗುವಷ್ಟು ಬಾಗಿ, ಕಲ್ಲು ಬಿಟ್ಟು ಕಾಳು ಎಸೆಯಿತು. ರಾತ್ರಿ ಊಟಕ್ಕೆ ಕೂತ ತಿಮ್ಮಯ್ಯನ ಹಲ್ಲಿಗೆ ಕಟಕಟ ಕಲ್ಲು ಸಿಕ್ಕವು.

"ಯಾರು ಆರಿಸಿದ್ದು ಕಾಳ?"

"ನಾನು ತಾತ."

"ಅದ್ಕೇ ಗಟ್ಟಿಯಾಗವೆ," ಎಂದು ನುಂಗಿದ.

ಇದರ ಮಧ್ಯೆ ಹುಳ ನಾಲ್ಕನೇ ಜ್ವರ ಎದ್ದು ಮುಗಿಬಿದ್ದು ತಿನ್ನುತ್ತಿದ್ದವು. ಸಂಜೆಯ ಮೇವು ವೆಂಕಟಲಕ್ಷ್ಮಮ್ಮನ ಪಾಲಿನದು. ಅವಳು ಜಗಲಿಯಿಂದ ಏಳಲಿಲ್ಲ. ಎದ್ದರೆ ಮಗು ಪಟ್ಟಿ ಸರಿಸಿ ಬಲಗಣ್ಣಿನಲ್ಲಿ ಇಣುಕುತ್ತದೆ ಅಂತ ಗೊತ್ತಿತ್ತು.

"ಹುಳ ಯಾರಮ್ಮಿ ನೋಡೋರು?" ಎಂದು ಗಂಡ ಹಿತ್ತಲಿನಿಂದ ಕೂಗಿದ.

"ನಿಮಗೆ ಎರಡವಲ್ಲ, ನೀವೇ ನೋಡಿ."

ಮೂವತ್ತಾರು ವರ್ಷದಲ್ಲಿ ಹುಳ ಬಿಟ್ಟು ಕೂತದ್ದು ಅದೇ ಮೊದಲು. ಕೂತದ್ದೇನೋ ಹೌದು, ಜೀವವೆಲ್ಲ ಹಿತ್ತಲಿನಲ್ಲಿ. ತಿಮ್ಮಯ್ಯ ಹಾಕುವ ಸೊಪ್ಪು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಅನ್ನುವುದು ಅವಳಿಗೆ ಕೂತಲ್ಲೇ ಗೊತ್ತಾಗುತ್ತಿತ್ತು.

ಆರೇಳು ದಿನಕ್ಕೆ, ಸರಿಯಾಗಿ ಸಂಜೆ ನಾಲ್ಕಕ್ಕೆ, ಹುಳ ಹಣ್ಣಾದವು. ಹಣ್ಣಾದ ಹುಳ ಮೇವು ಬಿಟ್ಟು, ಮೈ ಕನ್ನಡಿಯಾಗಿ, ನೂಲು ಬಿಡಲು ತಲೆಯಾಡಿಸುತ್ತದೆ. ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ತಡವಾದರೆ ಸೊಪ್ಪಿನ ಮೇಲೇ ನೂಲು ಸುರಿದು ಹಾಳು ಮಾಡುತ್ತದೆ. ಆ ದಿನ ಮಾತ್ರ ಕಟ್ಟು ಸಡಿಲ, ಸಿಕ್ಕ ಕೈಗಳೆಲ್ಲ ಬೇಕು. ಎದುರುಮನೆಯ ಬೋರಮ್ಮನೂ ಬಂದಳು. ವೆಂಕಟಲಕ್ಷ್ಮಮ್ಮ ತಟ್ಟೆಗಳನ್ನು ಹಿತ್ತಲಿನ ಬೆಳಕಿಗೆ ಹೊರಿಸಿ, ಪಟ್ಟಿ ಅಂಟಿಸಿದ ಮಗುವನ್ನೂ ತಟ್ಟೆಯ ಮುಂದೆ ಕೂರಿಸಿದಳು.

"ಹಣ್ಣಾದ್ದು ಮಾತ್ರ ಎತ್ತು ಮೊಗಾ."

ಮಾನ್ವಿ ಕೈ ಚಾಚಿದರೆ ಹುಳದ ಈಚೆಗೆ ಬೀಳುತ್ತಿತ್ತು. ಎತ್ತಿದ್ದರಲ್ಲಿ ಅರ್ಧ ಹಸಿಯವು. ಅಜ್ಜಿ ಅವನ್ನು ಸದ್ದಿಲ್ಲದೆ ವಾಪಸು ಹಾಕುತ್ತಿದ್ದಳು.

"ಲೇ ಒಕ್ಕಣ್ಣಿ, ಅದು ಹಸೀದು ಕಣೆ," ಎಂದಳು ಬೋರಮ್ಮ.

ಹಿತ್ತಲಿನಲ್ಲಿ ಒಂದಿಬ್ಬರು ನಕ್ಕರು. ಹೆಸರು ಬಿದ್ದೇಬಿಟ್ಟಿತು. ವೆಂಕಟಲಕ್ಷ್ಮಮ್ಮನ ಕೈ ತಟ್ಟೆಯ ಮೇಲೆ ನಿಂತಿತು.

ಮಗು ತಲೆಯೆತ್ತಲಿಲ್ಲ. "ಎರಡವೆ ನಂಗೆ. ಒಂದು ಫಸ್ಟ್ ಶಿಫ್ಟು, ಇದು ಸೆಕೆಂಡ್ ಶಿಫ್ಟು," ಎಂದಿತು.

"ಅಯ್ಯೋ, ಅವರವ್ವನ ಹಂಗೇ ಡ್ಯೂಟಿ ಮಾತಾಡ್ತಾಳೆ," ಎಂದು ಬೋರಮ್ಮ ತಾನೇ ನಕ್ಕಳು. ನಕ್ಕರೂ ಹೆಸರು ಹೋಗಲಿಲ್ಲ. ವಾರದೊಳಗೆ ಶಾಲೆಯಲ್ಲೂ ಅದೇ ಕೂಗಾಯಿತು. ಭಾನುಪ್ರಿಯ ಒಂದು ಭಾನುವಾರ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಅತ್ತೆ ಬಾಗಿಲಾಚೆ ನಿಂತು ಕೇಳಿಸಿಕೊಂಡಳು. ಆ ಸಂಜೆಯೂ ನಾಲ್ಕಕ್ಕೆ ಪಟ್ಟಿ ಅಂಟಿಸಿದಳು.

ಗೂಡು ಬಿಡಿಸಿದ ಮೇಲೆ ಕರೆ ಹಿಡಿದ ಗೂಡು, ಎರಡು ಹುಳ ಸೇರಿ ಕಟ್ಟಿದ ಜೋಡಿಗೂಡು ಬೇರೆ ಮಾಡುವ ಕೆಲಸ ಮಗುವಿನದಾಯಿತು. ಆಮೇಲೆ ಮತ್ತೆ ಹುರುಳಿ. ಎರಡನೇ ತಿಂಗಳಲ್ಲಿ ಒಂದು ದಿನ ತಿಮ್ಮಯ್ಯ ಉಂಡು ಎದ್ದು, "ಇವತ್ತು ಒಂದೇ ಕಲ್ಲು" ಎಂದ. ಅಜ್ಜಿ ಮಾರನೆಯ ದಿನಕ್ಕೆ ಇನ್ನೊಂದು ಸೇರು ಹುರುಳಿ ಅಳೆದಿಟ್ಟಳು.

ಮತ್ತೆ ಮೂರು ತಿಂಗಳಿಗೆ ಆಸ್ಪತ್ರೆ. ಖತೀಜಾ ಮೊದಲು ಅಜ್ಜಿಯನ್ನೇ ಕುರ್ಚಿಗೆ ಕೂರಿಸಿದಳು, ಭಾನುಪ್ರಿಯ ಫೋನ್ ಮಾಡಿ ಹೇಳಿದ್ದಳಂತೆ. "ನಿಮ್ಮದೂ ಇದೇ ಅಜ್ಜಿ. ಈಗ ಪಟ್ಟಿಯಿಂದ ಆಗೋದಿಲ್ಲ. ಬಲಗಣ್ಣನ್ನ ಜೋಪಾನ ಮಾಡಿ, ಇರೋದು ಅದೊಂದೇ" ಎಂದಳು. ವೆಂಕಟಲಕ್ಷ್ಮಮ್ಮ ತಲೆಯಾಡಿಸಿ ಎದ್ದು, ಕುರ್ಚಿಯನ್ನು ಮಗುವಿಗೆ ಬಿಟ್ಟುಕೊಟ್ಟಳು.

ಮಾನ್ವಿ ಎಡಗಣ್ಣಿನಲ್ಲಿ ಮೊದಲ ಸಾಲು ಓದಿದಳು. ಎರಡನೆಯದು ಓದಿದಳು. ಮೂರನೆಯದರಲ್ಲಿ ತಡೆದು ತಡೆದು ಎಲ್ಲ ಅಕ್ಷರ ಹೇಳಿದಳು. ನಾಲ್ಕನೆಯದರಲ್ಲಿ ಎರಡಕ್ಷರ ಹೇಳಿ ನಿಂತಳು.

"ಹಿಡೀತಿದೆ," ಎಂದಳು ಖತೀಜಾ. "ಈಗ ಬಿಟ್ರೆ ಹಿಂದಕ್ಕೆ ಹೋಗುತ್ತೆ. ಇನ್ನೂ ಆರು ತಿಂಗಳು ಬೇಕು. ಹೆಚ್ಚೂ ಆಗಬಹುದು."

ಆರು ತಿಂಗಳು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಮಗು ಇಳಿದು ಬೆಂಚಿನಡಿ ನುಗ್ಗಿತು. ಕರೆದರೆ ಬರಲಿಲ್ಲ. ವೆಂಕಟಲಕ್ಷ್ಮಮ್ಮ ಎಳೆಯಲಿಲ್ಲ. ಪಕ್ಕದಲ್ಲಿ ನೆಲಕ್ಕೆ ಕೂತಳು. ಜನ ಅವಳನ್ನು ದಾಟಿಕೊಂಡು ಓಡಾಡಿದರು.

"ನಂಗೂ ಸಾಕಾಗೈತೆ ಮೊಗಾ," ಎಂದಳು. "ಆದ್ರೆ ಬುಡಕ್ಕಿಲ್ಲ."

"ಬಸ್ಸಲ್ಲಿ ಹಾಕಬ್ಯಾಡ."

"ಬಸ್ಸಲ್ಲೇ ಹಾಕ್ತೀನಿ. ಮನೆಗೆ ಹೋಗೋದ್ರೊಳಗೆ ಐದೂವರೆ ಆಯ್ತದೆ."

ಕನಕಪುರದ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಅಜ್ಜಿ ಪಟ್ಟಿ ಅಂಟಿಸಿ, ಮೇಲೆ ಕನ್ನಡಕ ಸರಿಮಾಡಿದಳು. "ಅಂಗಡಿ ಬೋರ್ಡು ಓದು. ನಂಗೆ ಓದಾಕೆ ಬರಕ್ಕಿಲ್ಲ, ನೀನೇ ಹೇಳ್ಬೇಕು." ಮಗು ಓದಲು ಹೋಯಿತು. ಒಂದಕ್ಷರ ಹಿಡಿದು ಇನ್ನೊಂದಕ್ಕೆ ಹೋಗುವುದರೊಳಗೆ ಬಸ್ಸು ಮುಂದೆ ಹೋಗಿರುತ್ತಿತ್ತು. ನಾಲ್ಕು ಬೋರ್ಡು ಹೀಗೇ ಹೋದವು. ಮಾನ್ವಿಗೆ ಸಿಟ್ಟು ಬಂತು. "ನಿಲ್ಸಕ್ಕೆ ಹೇಳಜ್ಜಿ" ಎಂದಳು. ಬಸ್ಸು ಯಾರ ಮಾತು ಕೇಳುತ್ತದೆ.

ಊರಾಚೆ ರಸ್ತೆ ಕೆಲಸ ನಡೆಯುತ್ತಿದ್ದಲ್ಲಿ ಬಸ್ಸು ತಾನಾಗಿಯೇ ನಿಂತಿತು. ಎದುರಿನ ಗೋಡೆಯ ಮೇಲೆ ನೀಲಿ ಅಕ್ಷರದಲ್ಲಿ ಏನೋ ಬರೆದಿತ್ತು. ಮಾನ್ವಿ ಕಿಟಕಿಯ ಸರಳಿಗೆ ಹಣೆ ಒತ್ತಿ, ಕುತ್ತಿಗೆ ಚಾಚಿ, ತುಟಿಯಲ್ಲೇ ಜೋಡಿಸತೊಡಗಿದಳು. ಡ್ರೈವರ್ ಗೇರು ಹಾಕಿದ ಸದ್ದಾಯಿತು.

"ಇಲ್ಲಿ... ಗೊಬ್ಬರ... ಸಿಗುತ್ತದೆ," ಎಂದಳು ಮಾನ್ವಿ. ಬಸ್ಸು ಹೊರಟಿತು. "ಅಜ್ಜಿ, ಇನ್ನೆಷ್ಟೊತ್ತು?"

"ಎರಡೂಮುಕ್ಕಾಲು ಗಂಟೆ ಐತೆ."

ಮಗು ನಿಟ್ಟುಸಿರುಬಿಟ್ಟು ಮುಂದಿನ ಗೋಡೆ ಹುಡುಕಿತು.